ಎದೆ ಡಾಕ್ಟರ ಮುಂದೆ ಮುನಿಲಕ್ಷ್ಮಮ್ಮ

ಹಲಸೂರು ಮೆಟ್ರೋ ಮೆಟ್ಟಿಲು ಹತ್ತುತ್ತಿದ್ದ ಮುನಿಲಕ್ಷ್ಮಮ್ಮ ಎದೆ ಹಿಡಿದುಕೊಂಡು ಕೂತೇಬಿಟ್ಟಳು. ‘ಗ್ಯಾಸು ಕಣೇ’ ಎಂದಳು. ಮಗಳು ತೇಜಶ್ರೀ ನಂಬಲಿಲ್ಲ. ತಾಯಿಗೆ ಎಷ್ಟೋ ವರ್ಷದಿಂದ ಕೀಲುವಾತ. ಅದು ಕೀಲಿನಲ್ಲೇ ಸುಮ್ಮನಿರುವ ಕಾಯಿಲೆಯಲ್ಲ, ಹೃದಯದ ರಕ್ತನಾಳಕ್ಕೂ ಕೈ ಹಾಕುತ್ತದೆ, ಎದೆನೋವು ಬಂದರೆ ಅಸಡ್ಡೆ ಮಾಡಬೇಡಿ ಎಂದು ಕೀಲಿನ ಡಾಕ್ಟರು ಹೇಳಿದ್ದರು.

ಆಸ್ಪತ್ರೆಗೆ ನಡಿ ಎಂದರೆ ಈ ಮಹಾತಾಯಿ ಮನೆಗೆ ವಾಪಸ್ಸು ಹೋಗಿ, ಸ್ನಾನ ಮಾಡಿ, ಜರಿ ಅಂಚಿನ ಸೀರೆ ಉಟ್ಟು, ಕನಕಾಂಬರ ಮುಡಿದೇ ಆಟೋ ಹತ್ತಿದಳು. ಡಾಕ್ಟರ ಮುಂದೆ ಕಾಯಿಲೆಯವಳಂತೆ ಕಾಣುವುದೆಂದರೆ ಅವಳಿಗೆ ಮರ್ಯಾದೆಯ ಪ್ರಶ್ನೆ. ದಾರಿಯುದ್ದಕ್ಕೂ ತೇಜಶ್ರೀ ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಹೃದಯದ ಡಾಕ್ಟರು ಇಸಿಜಿ ನೋಡಿ, ‘ಇದ್ರಲ್ಲೇನೂ ಕಾಣ್ತಿಲ್ಲ. ಎದೆನೋವು ಹೇಗಿದೆಯಮ್ಮ?’ ಎಂದರು.

‘ಏನಿಲ್ಲ ಸಾರ್, ಚೆನ್ನಾಗಿದೀನಿ. ಇವಳೇ ಗಾಬರಿ ಬಿದ್ಲು.’ ಹೆಣ್ಣು ನೋಡಲು ಬಂದವರ ಮುಂದೆ ಕೂತವಳಂತೆ ಸೊಟ್ಟ ಬೆರಳುಗಳನ್ನೆಲ್ಲ ಸೆರಗಿನೊಳಗೆ ಅಡಗಿಸಿಕೊಂಡಿದ್ದಳು.

‘ಸಕ್ಕರೆ, ಬಿಪಿ? ಬೇರೆ ಕಾಯಿಲೆ?’

‘ಏನೂ ಇಲ್ಲ ಸಾರ್.’

ತೇಜಶ್ರೀಗೆ ಮೈಯೆಲ್ಲ ಉರಿದುಹೋಯಿತು. ವೈದ್ಯರ ಹತ್ತಿರ, ವಕೀಲರ ಹತ್ತಿರ ಮುಚ್ಚಿಡಬಾರದು ಅಂತ ಊರಿಗೆಲ್ಲ ಬುದ್ಧಿ ಹೇಳುವವಳು ಇವಳೇ! ಸೆರಗು ಸರಿಸಿ ತಾಯಿಯ ಕೈಯನ್ನು ಮೇಜಿನ ಮೇಲೆ ಇಟ್ಟಳು. ‘ಇದೇನು ಸಾರ್ ಹಾಗಾದ್ರೆ? ಕೀಲುವಾತ! ದಿನಾ ಮಾತ್ರೆ ನುಂಗ್ತಾಳೆ!’

ಡಾಕ್ಟರು ಪೆನ್ನು ಕೆಳಗಿಟ್ಟರು. ‘ಇದನ್ನ ಯಾಕಮ್ಮ ಹೇಳ್ಲಿಲ್ಲ?’

‘ನೀವು ಎದೆ ಡಾಕ್ಟ್ರು ಸಾರ್. ಕೈಕಾಲಿನ ಕಥೆ ನಿಮಗ್ಯಾಕೆ ಅಂತ...’

ಅವರು ನಗಲಿಲ್ಲ. ಅಲ್ಲೇ ದಾಖಲು ಮಾಡಿಕೊಂಡು ಆಂಜಿಯೋಗ್ರಾಮ್ ಮಾಡಿಸಿದರು. ಹೃದಯದ ದೊಡ್ಡ ರಕ್ತನಾಳವೊಂದು ಮುಚ್ಚಿಹೋಗುವುದರಲ್ಲಿತ್ತು. ಈಗಲೇ ಸ್ಟೆಂಟ್ ಹಾಕಬೇಕು, ಮನೆಗೆ ಕಳಿಸಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು.

ಒಳಗೆ ಕರೆದೊಯ್ಯುವ ಮುಂಚೆ ತೇಜಶ್ರೀ ಗಾಲಿಮಂಚ ಹಿಡಿದು ನಿಂತಳು. ‘ನಿಜ ಹೇಳು. ಈ ನೋವು ಯಾವಾಗಿಂದ?’

‘ಯುಗಾದಿಯಿಂದ.’

‘ಈಗ ದೀಪಾವಳಿ ಬಂತಲ್ಲಮ್ಮಾ! ಬಾಯಿ ಇರ್ಲಿಲ್ವಾ ನಿಂಗೆ?’

ಮುನಿಲಕ್ಷ್ಮಮ್ಮ ಮುಖ ಆಚೆ ತಿರುಗಿಸಿದಳು. ‘ನಿನ್ನ ರಜೆ ಎಲ್ಲಾ ನನ್ನ ಕೈಕಾಲಿಗೇ ಮುಗ್ದೋಯ್ತು. ಎದೆಗೆ ಅಂತ ಇನ್ನೆಲ್ಲಿಂದ ತರ್ತಿದ್ದೆ?’

ತೇಜಶ್ರೀ ಬಗ್ಗಿ ತಾಯಿಯ ಸೊಟ್ಟ ಬೆರಳುಗಳನ್ನು ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡಳು. ದಾರಿ ಬಿಡಿ ಎಂದು ನರ್ಸ್ ಎರಡು ಸಲ ಹೇಳಬೇಕಾಯಿತು.