ಮಗ್ಗದ ಮೇಷ್ಟ್ರ ಕುರ್ಚಿ

ಕೊಳ್ಳೇಗಾಲದ ಶಿಕ್ಷಕರ ಟ್ರೈನಿಂಗ್ ಕಾಲೇಜೊಂದರಲ್ಲಿ ಪ್ರಿನ್ಸಿಪಾಲರೂ ಸೇರಿ ಮೇಷ್ಟ್ರುಗಳು ಹನ್ನೊಂದು ಮಂದಿ, ಮೀಟಿಂಗ್ ಕೋಣೆಯಲ್ಲಿ ಕುರ್ಚಿ ಹತ್ತು. ನೇಯ್ಗೆ ಕಲಿಸುವ ಪುಟ್ಟಸಿದ್ದಯ್ಯನವರು ಮೂರು ವರ್ಷದಿಂದ ಬಾಗಿಲ ಬಳಿ ನಿಂತೇ ಇದ್ದರು. ಕೂತವರನ್ನು ಅಭಿಪ್ರಾಯ ಕೇಳುತ್ತಿದ್ದರು, ನಿಂತವರನ್ನು ಕೇಳುತ್ತಿರಲಿಲ್ಲ.

ದೇಶಕ್ಕೆ ಸಂವಿಧಾನ ಬಂದ ಮೂರನೆಯ ವರ್ಷವದು. ಕೊಳ್ಳೇಗಾಲ ಆಗಿನ್ನೂ ಕೊಯಮತ್ತೂರು ಜಿಲ್ಲೆಯಲ್ಲಿತ್ತು; ಮುಂದಿನ ತಿಂಗಳು ಅಲ್ಲಿಂದ ಇನ್‌ಸ್ಪೆಕ್ಟರು ಬರುವವರಿದ್ದರು. ಪ್ರಿನ್ಸಿಪಾಲ್ ಶಿವರುದ್ರಸ್ವಾಮಿಯವರಿಗೆ ಒಂದು ಯೋಚನೆ ಹೊಳೆಯಿತು.

"ದೇಶಕ್ಕೇ ಒಂದು ಕಟ್ಟುಪಾಡು ಬಂತು, ನಮ್ಮ ಕಾಲೇಜಿಗೂ ಒಂದಿರಲಿ. ನಾವು ಹೇಗೆ ನಡಕೋಬೇಕು, ನೀವೇ ಹೇಳಿ."

"ಹೊತ್ತಿಗೆ ಸರಿಯಾಗಿ ಬರೋದು," ಎಂದರು ಲೆಕ್ಕದ ಮೇಷ್ಟ್ರು ಬಸವಣ್ಣ. ಎಲ್ಲರೂ ಗೊಳ್ಳೆಂದರು. ಬಸವಣ್ಣನವರು ಹನೂರಿನ ಬಸ್ಸಿಳಿದು ಬರುವಷ್ಟರಲ್ಲಿ ದಿನವೂ ಎರಡನೇ ಗಂಟೆ ಹೊಡೆದಿರುತ್ತಿತ್ತು.

"ಹುಡುಗರ ಮೇಲೆ ಕೈ ಮಾಡದೆ ಇರೋದು," ಎಂದರು ಆರೋಗ್ಯ ಪಾಠದ ಸುವರ್ಣಮ್ಮ.

"ಬೆನ್ನ ಹಿಂದೆ ಚಾಡಿ ಹೇಳದೆ ಇರೋದು," ಎಂದರು ಇನ್ನೊಬ್ಬರು.

ಕೊನೆಗೆ ಪ್ರಿನ್ಸಿಪಾಲರೇ ಎದ್ದು, "ಎಲ್ಲರಿಗೂ ಸಮಾನ ಗೌರವ!" ಎಂದರು. ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ನಿಂತಿದ್ದ ಪುಟ್ಟಸಿದ್ದಯ್ಯನವರೂ ತಟ್ಟಿದರು.

"ಪುಟ್ಟಸಿದ್ದಯ್ಯ, ಈ ನಾಲ್ಕು ಮಾತನ್ನೂ ರೇಷ್ಮೆಯಲ್ಲಿ ನೇಯ್ದು ಕೊಡು. ಗೋಡೆಗೆ ಹಾಕೋಣ."

"ಆಗ್ಲಿ ಸಾ."

ಭಾನುವಾರ ಧನಗೆರೆಯ ಮನೆಯಲ್ಲಿ ಪುಟ್ಟಸಿದ್ದಯ್ಯನವರು ಮಗ್ಗದ ಕೆಳಗಿನ ಗುಣಿಗೆ ಕಾಲಿಳಿಬಿಟ್ಟು ಕೂತಿದ್ದರು. ಮೂರು ಸಾಲು ಮುಗಿದಿತ್ತು. ಹೆಂಡತಿ ರಂಗಮ್ಮ ರಾಟೆ ತಿರುಗಿಸುತ್ತಿದ್ದಳು. ಅಷ್ಟರಲ್ಲಿ ಸುವರ್ಣಮ್ಮ ಬಂದರು.

"ಮೇಷ್ಟ್ರೇ, ನೀವ್ಯಾಕೆ ಅವತ್ತು ಏನೂ ಹೇಳ್ಲಿಲ್ಲ?"

"ನನ್ನ ಯಾರೂ ಕೇಳ್ನಿಲ್ವಲ್ಲವ್ವಾ."

"ಕೇಳೋದಿರಲಿ, ಕೂರು ಅಂತಾನಾದರೂ ಅಂದ್ರಾ?"

"ಬುಡಿ ಅಮ್ಮಾರೇ. ಕೈಕೆಲಸದೋನು ನಾನು. ವಸಿ ನಿಂತ್ಕಂಡ್ರ ಕಾಲು ಸವದೋದದಾ?"

ರಂಗಮ್ಮನ ರಾಟೆ ನಿಂತಿತು. "ನೋಡಿ ಅಮ್ಮಾರೇ, ಮನೇಲಿ ಚಾಪ ವಸಿ ಅತ್ತಗಿತ್ತಗಾದ್ರ ಊರೇ ಕೇಳಂಗ ಕೂಗ್ತರ. ಅಲ್ಲಿ ನೋಡುದ್ರ ಬಾಗ್ಲು ಕಾಯೋ ದ್ವಾರಪಾಲಕ! ಗದೆ ಒಂದು ಕೊಟ್ಟುಬುಟ್ರ ಆಯ್ತು."

ಸುವರ್ಣಮ್ಮನಿಗೆ ನಗು ತಡೆಯಲಾಗಲಿಲ್ಲ. ಮಗ್ಗದ ಹಾಸಿನ ಎಳೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿ ಕೇಳಿದರು: "ಇಷ್ಟು ಎಳೇಲಿ ಒಂದೇ ಒಂದು ಜೋಲು ಬಿದ್ರೆ ಏನಾಗ್ತದೆ?"

"ಇಡೀ ಬಟ್ಟೆ ಕೆಡ್ತದ."

"ಒಂದೇ ಎಳೆ ಅಲ್ವಾ, ಬಿಡಿ ಅಂತೀರಾ?"

ಪುಟ್ಟಸಿದ್ದಯ್ಯನವರು ಎಳೆಗಳ ಮೇಲೆ ಕೈಯಿಟ್ಟರು. ಹುಟ್ಟಿದಾಗಿನಿಂದ ನೂಲು ಮುಟ್ಟಿದ ಕೈ ಅದು. ಜೋಲು ಎಳೆಯನ್ನು ಬಿಗಿಯದೆ ಮುಂದಕ್ಕೆ ಹೋಗಿದ್ದೇ ಇಲ್ಲ.

"ಗೌರವ ಅಂತ ಬರೆದ್ರೆ ಯಾರಿಗೆ ಕಾಣ್ತದೆ ಮೇಷ್ಟ್ರೇ? ಕಣ್ಣಿಗೆ ಕಾಣೋ ಹಂಗೆ ಬರೀಬೇಕು. ಹೊತ್ತಿಗೆ ಬರೋದು ಕಾಣ್ತದೆ. ಹೊಡೆಯದೆ ಇರೋದು ಕಾಣ್ತದೆ. ಕಟ್ಟುಪಾಡು ಹತ್ತು ಜನದ್ದಲ್ಲ, ಹನ್ನೊಂದು ಜನದ್ದು. ನಾಲ್ಕನೇ ಮಾತು ನೀವೇ ಹೇಳಿ."

ಮೀಟಿಂಗಿನ ದಿನ ಪ್ರಿನ್ಸಿಪಾಲರು ಹಿಗ್ಗಿನಿಂದ ಬಟ್ಟೆ ಬಿಡಿಸಿದರು. ಮೂರು ಸಾಲು ಫಳಫಳ ಹೊಳೆಯುತ್ತಿದ್ದವು. ನಾಲ್ಕನೆಯದರ ಜಾಗ ಖಾಲಿ.

"ಇದೇನಯ್ಯ, ರೇಷ್ಮೆ ಸಾಲಲಿಲ್ವಾ?"

ಪುಟ್ಟಸಿದ್ದಯ್ಯನವರು ಬಾಗಿಲ ಬಳಿಯಿಂದಲೇ ಹೇಳಿದರು: "ರೇಷ್ಮೆ ಅದ ಸಾ. ಗೌರವ ಅನ್ನದು ಹೆಂಗಿರ್ತದ ಅಂತ ನಾ ಕಂಡಿಲ್ಲ. ಬಾಗ್ಲತವು ನಿಂತ್ರ ಕಾಣಕಿಲ್ಲ. ನಾನೂ ವಸಿ ಕೂತ್ಕಂಡು ನೋಡ್ತೀನಿ, ಆಮೇಲ ನೇಯ್ತೀನಿ."

ಶಿವರುದ್ರಸ್ವಾಮಿಯವರ ಮುಖ ಕೆಂಪಾಯಿತು. ಕುರ್ಚಿಗಳನ್ನು ನೋಡಿದರು, ಬಾಗಿಲನ್ನು ನೋಡಿದರು. ಕೊನೆಗೆ ತಾವೇ ಆಫೀಸಿಗೆ ಹೋಗಿ ಒಂದು ಕುರ್ಚಿಯನ್ನು ದರದರ ಎಳೆದು ತಂದರು.

"ಕೂತ್ಕೊಳ್ಳಿ ಮಾರಾಯ್ರೇ. ನಾಲ್ಕನೇದು ಏನಂತ ನೇಯ್ತೀರಿ, ಹೇಳಿ."

ಪುಟ್ಟಸಿದ್ದಯ್ಯನವರು ಕೂತರು. ಕೂತೇ ಹೇಳಿದರು. ಮುಂದಿನ ವಾರ ಆ ಸಾಲು ಗೋಡೆಗೇರಿತು: "ಇಲ್ಲಿ ಎಲ್ಲರೂ ಕೂತೇ ಮಾತಾಡುತ್ತಾರೆ."

ಓದುವ ಅಣ್ಣಂದಿರೇ, ಅಕ್ಕಂದಿರೇ, ನೀವು ದುಡಿಯುವ ಕಡೆ ಇವತ್ತೇ ಒಂದು ಕೆಲಸ ಮಾಡಿ. ಜನ ಎಷ್ಟು, ಕುರ್ಚಿ ಎಷ್ಟು ಎಣಿಸಿ. ಕಟ್ಟುಪಾಡು ಬರೆಯುವಾಗ ಕಸ ಗುಡಿಸುವ ತಾಯಿಯನ್ನೂ ಕರೆದು ಕೇಳಿ. ಕಣ್ಣಿಗೆ ಕಾಣುವ ಮಾತನ್ನೇ ಬರೆಯಿರಿ. ಬರೆದ ಮೇಲೆ ಅದನ್ನು ಮೊದಲು ಪಾಲಿಸಬೇಕಾದವರು ದೊಡ್ಡ ಕುರ್ಚಿಯವರು. ಅವರು ಮರೆತರೆ? ಏನು ಮಾಡಬೇಕೆಂಬುದನ್ನೂ ಮಗ್ಗದ ಮೇಷ್ಟ್ರೇ ತೋರಿಸಿಕೊಟ್ಟರು.

ಇನ್‌ಸ್ಪೆಕ್ಟರು ಬಂದರು. ಜೊತೆಗೆ ಅವರ ಗುಮಾಸ್ತರೂ ಬಂದರು. ಇನ್‌ಸ್ಪೆಕ್ಟರಿಗೊಂದು ಹಾಕಿಸಿದ್ದರು, ಗುಮಾಸ್ತರಿಗೆ ಒಂದು ಕುರ್ಚಿ ಕಮ್ಮಿ ಬಿತ್ತು. ಗಡಿಬಿಡಿಯಲ್ಲಿ ಪ್ರಿನ್ಸಿಪಾಲರ ಬಾಯಿಂದ ಹಳೇ ಮಾತೇ ಹೊರಟಿತು: "ಪುಟ್ಟಸಿದ್ದಯ್ಯ, ಏಳು ಏಳು! ಆ ಕುರ್ಚಿ ಇಲ್ಲಿ ಹಾಕು."

ಮೂರು ವರ್ಷದ ರೂಢಿ. ಕಾಲು ತಾನಾಗೇ ಅರ್ಧ ಎದ್ದಿತು. ಪುಟ್ಟಸಿದ್ದಯ್ಯನವರ ಕಣ್ಣು ಗೋಡೆಯ ಮೇಲಿನ ತಮ್ಮದೇ ನೇಯ್ಗೆಗೆ ಹೋಯಿತು. ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಮತ್ತೆ ಭದ್ರವಾಗಿ ಕೂತರು.

"ಇನ್ನೊಂದು ಕುರ್ಚಿ ತರುಸಿ ಸಾ. ನಾ ಏಳಕಿಲ್ಲ."