ಪಾಯಿಂಟಿನ ಊಟಕ್ಕೆ ನಾಲ್ಕು ಕಾಲು

ಹೊಸ ಕನ್ನಡಕ ಕೊಂಡವರಿಗೆಲ್ಲ ಕನ್ನಡಕದಣ್ಣ ಒಂದೇ ಉಪದೇಶ ಮಾಡುತ್ತಿದ್ದ.

"ಹಳೇದು ಡ್ರಾಯರಿಗೆ, ಹೊಸದು ಮೂಗಿಗೆ. ಒಂದು ವಾರ ತೆಗೀಬೇಡಿ. ಮೊದಮೊದಲು ತಲೆ ಸುತ್ತುತ್ತೆ, ಮೆಟ್ಟಿಲು ಓರೆ ಕಾಣುತ್ತೆ, ಹೆಂಡತಿ ಸ್ವಲ್ಪ ದಪ್ಪ ಕಾಣ್ತಾರೆ. ಹೆದರಬೇಡಿ. ಅದನ್ನೊಮ್ಮೆ ಇದನ್ನೊಮ್ಮೆ ಹಾಕಿದ್ರೆ ಕಣ್ಣು ಒಗ್ಗೋದೇ ಇಲ್ಲ."

ಇಪ್ಪತ್ತು ವರ್ಷದಿಂದ ಈ ಮಾತು ನಿಜವಾಗುತ್ತಲೇ ಬಂದಿತ್ತು. ಇಪ್ಪತ್ತು ವರ್ಷ ಒಂದೇ ಮಾತು ನಿಜವಾದರೆ, ಹೇಳಿದವನಿಗೆ ಲೋಕದ ಎಲ್ಲ ಬೀಗಕ್ಕೂ ಅದೇ ಕೀಲಿಕೈ ಅನ್ನಿಸತೊಡಗುತ್ತದೆ. ಕನ್ನಡಕದಣ್ಣ ಆ ಕೀಲಿಕೈಯನ್ನು ಒಂಬತ್ತು ವಾರದ ಬೆಕ್ಕಿನ ಮರಿಯ ಹೊಟ್ಟೆಗೆ ಹಾಕಿ ತಿರುಗಿಸಿದ.

ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಗಾಜು ಉಜ್ಜುವ ಕೋಣೆ. ಆ ಕೋಣೆ ಅವನ ತಂಗಿಯದು. ಗಿರಗಿರ ತಿರುಗುವ ಚಕ್ರದ ಮುಂದೆ ಕೂತು ಗಾಜಿನ ಅಂಚನ್ನು ಚೌಕಟ್ಟಿಗೆ ಸರಿಯಾಗಿ ಸವೆಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚು ಸವೆದರೆ ಗಾಜು ಉದುರುತ್ತದೆ, ಕೂದಲೆಳೆಯಷ್ಟು ಕಡಿಮೆಯಾದರೆ ಚೌಕಟ್ಟು ಸೀಳುತ್ತದೆ. ಹನ್ನೆರಡು ವರ್ಷದಲ್ಲಿ ಅವಳು ಕೂರಿಸಿದ ಗಾಜು ಉದುರಿದ್ದನ್ನು ಯಾರೂ ಕಂಡಿಲ್ಲ. ಮಾತು ಮಾತ್ರ ಕಡಿಮೆ. ಚಕ್ರದ ಮುಂದೆ ಕೂತವಳಿಗೆ ಮಾತು ಕೇಳಿಸುವುದೂ ಇಲ್ಲ, ಆಡಿದರೆ ಇನ್ನೊಬ್ಬರಿಗೆ ಮುಟ್ಟುವುದೂ ಇಲ್ಲ. ಹೀಗೇ ರೂಢಿಯಾಗಿತ್ತು.

ಅಂಥವಳು ಒಂದು ದಿನ ಚಕ್ರ ನಿಲ್ಲಿಸಿ ಹೊರಗೆ ಬಂದಳು. "ಅಣ್ಣಾ, ಇಸ್ತ್ರಿಯಮ್ಮನ ಬೆಕ್ಕು ನಾಲ್ಕು ಮರಿ ಹಾಕಿದೆ. ಒಂದು ನನಗೆ ಬೇಕು."

ಅಣ್ಣ, ಅತ್ತಿಗೆ ಮುಖ ಮುಖ ನೋಡಿಕೊಂಡರು. ಅವಳ ಬಾಯಲ್ಲಿ 'ಬೇಕು' ಎಂಬ ಪದ ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. 'ಬೇಡ' ಅನ್ನಲು ಇಬ್ಬರಿಗೂ ನಾಲಿಗೆ ಏಳಲಿಲ್ಲ.

ಮರಿ ಬಂತು. ಬೂದು ಬಣ್ಣ, ಅಂಗೈಯಗಲ. ಕನ್ನಡಕದ ನಂಬರುಗಳಲ್ಲಿ ಅತಿ ಚಿಕ್ಕದು ಪಾಯಿಂಟ್ ಟೂ ಫೈವ್, ಅಂದರೆ ಕಾಲು. ಅದಕ್ಕಿಂತ ಚಿಕ್ಕದು ಅಂಗಡಿಯಲ್ಲಿಲ್ಲ. ಆದ್ದರಿಂದ ಮರಿಗೆ ಪಾಯಿಂಟು ಎಂದೇ ಹೆಸರಾಯಿತು. ಹಗಲೆಲ್ಲ ತಂಗಿಯ ಮಡಿಲಲ್ಲಿ, ಗಾಜಿನ ಪುಡಿ ತಾಗದಂತೆ ಅವಳು ಮಡಚಿಟ್ಟ ಟವೆಲಿನೊಳಗೆ ಮಲಗುತ್ತಿತ್ತು. ಚಕ್ರದ ಸದ್ದಿಗೆ ಹೆದರಲಿಲ್ಲ. ಸದ್ದು ನಿಂತರೆ ಮಾತ್ರ ತಲೆಯೆತ್ತಿ, ಯಾಕಮ್ಮ ನಿಲ್ಲಿಸಿದೆ ಎಂಬಂತೆ ನೋಡುತ್ತಿತ್ತು.

ಇಸ್ತ್ರಿಯಮ್ಮ ಮರಿಯ ಜೊತೆ ಹನ್ನೆರಡು ಪುಟ್ಟ ಡಬ್ಬಿಗಳನ್ನೂ ಕೊಟ್ಟಿದ್ದಳು. ಮರಿಗಳಿಗೆಂದೇ ಮಾಡಿದ ಮೆತ್ತನೆ ಆಹಾರ. "ತಾಯಿ ಹಾಲು ಬಿಟ್ಟಾಗಿಂದ ಇದನ್ನೇ ತಿಂತಿದೆ. ಮುಗಿಯೋವರೆಗೂ ಇದನ್ನೇ ಕೊಡು ತಾಯಿ" ಎಂದಿದ್ದಳು.

ಕನ್ನಡಕದಣ್ಣ ಪೇಟೆಯಿಂದ ಮರಿಗಳ ಒಣ ಆಹಾರದ ಚೀಲ ತಂದ. ಕಾಳು ಕಾಳಾಗಿರುತ್ತದಲ್ಲ, ಅದು. ಒಳ್ಳೆಯದನ್ನೇ ತಂದಿದ್ದ. ಡಬ್ಬಿಗಳನ್ನು ತೆಗೆದು ಅಟ್ಟಕ್ಕೆ ಹಾಕಿದ.

"ಅಣ್ಣಾ, ಇಸ್ತ್ರಿಯಮ್ಮ ಹೇಳಿದ್ರು..."

"ಇಸ್ತ್ರಿಯಮ್ಮನಿಗೆ ಬಟ್ಟೆ ಗೊತ್ತು. ಒಗ್ಗಿಸೋದು ನನಗೆ ಗೊತ್ತು. ಹಳೇದು ಕಣ್ಣಿಗೆ ಬೀಳಬಾರದು. ಒಂದು ವಾರ ಅಷ್ಟೇ."

ಅತ್ತಿಗೆಯ ಪ್ರೀತಿ ಬೇರೆ ದಾರಿಯಲ್ಲಿ ಬಂತು. "ಒಣ ಕಾಳು ಹೇಗೆ ತಿನ್ನುತ್ತೆ ಪಾಪ! ಮಗುಗೆ ಹಾಲಿಲ್ಲದೆ ಆಗುತ್ತಾ?" ಎಂದು ದಿನಕ್ಕೆ ಮೂರು ಸಲ ಹಸುವಿನ ಹಾಲು ಬಟ್ಟಲಿಗೆ ಸುರಿದರು. ಪಾಯಿಂಟು ಬಟ್ಟಲು ನೆಕ್ಕಿ ತೊಳೆದಿಟ್ಟಿತು. ಅತ್ತಿಗೆ ಗೆದ್ದೆನೆಂದು ಬೀಗಿದರು.

ಎರಡನೆಯ ದಿನ ಹೊಟ್ಟೆ ಕೆಟ್ಟಿತು. ಮಲಮೂತ್ರಕ್ಕೆಂದು ಮೂಲೆಯಲ್ಲಿಟ್ಟಿದ್ದ ಮರಳಿನ ತಟ್ಟೆಗೆ ಓಡುವಷ್ಟರಲ್ಲಿ ದಾರಿಯಲ್ಲೇ ಆಗಿಬಿಡುತ್ತಿತ್ತು. ತಂಗಿ ಒರೆಸಿದಳು. ಅಣ್ಣ ಹೇಳಿದ, "ತಲೆ ಸುತ್ತಿದ ಹಾಗೆ ಇದೂ. ಒಗ್ಗುತ್ತೆ." ಮೂರನೆಯ ದಿನ ಮರಿ ಬಟ್ಟಲಿನ ಹತ್ತಿರ ಹೋಗಿ, ಮೂಸಿ, ಹಾಗೇ ಕೂತಿತು. ಚಕ್ರ ನಿಲ್ಲಿಸಿದರೂ ತಲೆಯೆತ್ತಲಿಲ್ಲ.

ಅವತ್ತು ಬೆಳಿಗ್ಗೆ ಅಂಗಡಿಗೆ ಪಶು ಆಸ್ಪತ್ರೆಯ ಕಾಂಪೌಂಡರಮ್ಮ ಬಂದಿದ್ದರು. ಇಪ್ಪತ್ತೈದು ವರ್ಷದಿಂದ ಎತ್ತು, ಎಮ್ಮೆ, ನಾಯಿ, ಗಿಳಿ ಎಲ್ಲವನ್ನೂ ಹಿಡಿದು ಪಳಗಿದ ಕೈ. ಕೈ ಪಳಗುವಷ್ಟರಲ್ಲಿ ಕಣ್ಣು ಮಸುಕಾಗಿತ್ತು. "ಸಿರಿಂಜಿನ ಗೀಟು ಕಾಣಲ್ಲ ಅಣ್ಣಾ. ಈ ವಯಸ್ಸಲ್ಲಿ ಅಂದಾಜಿನ ಮೇಲೆ ಚುಚ್ಚೋದು ಕಲೀಬಾರದು" ಎಂದರು.

ಕನ್ನಡಕದಣ್ಣ ಅವರ ಮೂಗಿನ ಮೇಲೆ ಪರೀಕ್ಷೆಯ ದುಂಡು ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಹಾಕುತ್ತ ಹೋದ. "ಇದು ಒಂದು. ಈಗ ಒಂದೂಕಾಲು. ಚೆನ್ನಾಗಿದೆಯಾ? ಈಗ ಒಂದೂವರೆ?"

"ಹಾಂ, ಈಗ ಇರುವೆ ಹಲ್ಲೂ ಕಾಣುತ್ತೆ."

ಅಷ್ಟರಲ್ಲಿ ತಂಗಿ ಟವೆಲಿನ ಗಂಟನ್ನು ಎದೆಗವಚಿಕೊಂಡು ಬಂದಳು. "ಅಣ್ಣಾ, ಇದರ ಕಣ್ಣು ನೋಡು. ಎರಡೂ ಕಣ್ಣಿನ ಒಳಮೂಲೆಯಿಂದ ಬಿಳೀ ಪರೆ ಬಂದಿದೆ. ನಿನ್ನೆ ಇರಲಿಲ್ಲ."

ಕೂದಲೆಳೆ ಅಳೆಯುವ ಕಣ್ಣು ಅವಳದು. ಬೇರೆಯವರಿಗೆ ಅದು ಕಾಣುತ್ತಲೇ ಇರಲಿಲ್ಲ. ಕನ್ನಡಕದಣ್ಣ ಬಗ್ಗಿ ನೋಡಿದ. ಕಣ್ಣು ಎಂದಮೇಲೆ ಅವನ ಧೈರ್ಯವೇ ಬೇರೆ. "ಓ, ಕಣ್ಣಿನ ತೊಂದರೆ! ಅದಕ್ಕೇ ಮಂಕಾಗಿದೆ. ಶುದ್ಧ ನೀರಲ್ಲಿ ತೊಳೆದ್ರೆ ಸರಿಹೋಗುತ್ತೆ."

"ಇತ್ತ ಕೊಡಮ್ಮ" ಎಂದರು ಕಾಂಪೌಂಡರಮ್ಮ. ಮೂಗಿನ ಮೇಲಿನ ಚೌಕಟ್ಟನ್ನು ತೆಗೆಯಲೂ ಇಲ್ಲ. ಒಂದೂವರೆ ನಂಬರಿನ ದುಂಡು ಗಾಜುಗಳ ಹಿಂದಿನಿಂದಲೇ ಪಾಯಿಂಟನ್ನು ನೋಡಿದರು. ಆ ಕೈಗಳನ್ನು ನೋಡಬೇಕಿತ್ತು. ಎತ್ತಿನ ಮೂಗು ಹಿಡಿಯುವ ಕೈ ಅಂಗೈಯಗಲದ ಜೀವವನ್ನು ಹತ್ತಿ ಹಿಡಿದಂತೆ ಹಿಡಿಯಿತು. ತುಟಿ ಸರಿಸಿ ಒಸಡು ಮುಟ್ಟಿದರು. ಬೆನ್ನಿನ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟರು. ಚರ್ಮ ಕೂಡಲೇ ಕೆಳಗೆ ಕೂರಲಿಲ್ಲ.

"ಭೇದಿ ಎಷ್ಟು ದಿನದಿಂದ?"

ಅಣ್ಣ ತಬ್ಬಿಬ್ಬಾದ. "ಭೇದಿ ಅಂತ ಯಾರು ಹೇಳಿದ್ರು?"

"ಮರಿ ಹೇಳ್ತು. ಬೆಕ್ಕಿನ ಕಣ್ಣಲ್ಲಿ ಈ ಪರೆ ಎರಡೂ ಕಡೆ ಬಂದ್ರೆ, ಬಹಳ ಸಲ ಅದು ಹೊಟ್ಟೆ ಕಥೆ. ಒಸಡು ಅಂಟಂಟಾಗಿದೆ. ಮೈಯಲ್ಲಿ ನೀರಿಲ್ಲ."

ಒಳಗಿಂದ ಅತ್ತಿಗೆ ಮಾತ್ರೆಯ ಹಾಳೆ ಹಿಡಿದು ಬಂದರು. "ರೀ, ಮೊನ್ನೆ ನೀವು ತಗೊಂಡ್ರಲ್ಲ, ಹೊಟ್ಟೆ ಕಟ್ಟೋ ಮಾತ್ರೆ? ಒಂದು ಚೂರು ಅರೆದು ಕೊಡ್ಲಾ?"

"ಕೆಳಗಿಡಿ ಅದನ್ನ!" ಕಾಂಪೌಂಡರಮ್ಮನ ದನಿಗೆ ಅತ್ತಿಗೆ ಹಾಳೆಯನ್ನು ಮೇಜಿನ ಮೇಲೆ ಬೀಳಿಸಿದರು. "ಬೈಕೋಬೇಡಿ ಅಕ್ಕಾ. ಮನುಷ್ಯರ ಮಾತ್ರೆ ಬೆಕ್ಕಿಗೆ ಆಗಿಬರಲ್ಲ. ನಮ್ಮ ಜ್ವರದ ಮಾತ್ರೆ ಒಂದು ಚೂರು ಬೆಕ್ಕಿನ ಪ್ರಾಣ ತೆಗೀಬಹುದು. ಔಷಧಿ ಏನಿದ್ರೂ ಡಾಕ್ಟರು ಕೊಡಬೇಕು."

"ಸಂಜೆ ಅಂಗಡಿ ಮುಚ್ಚಿ ಕರ್ಕೊಂಡು ಬರ್ತೀವಿ" ಎಂದ ಅಣ್ಣ.

"ದೊಡ್ಡ ಬೆಕ್ಕಾಗಿದ್ರೆ ಸಂಜೆವರೆಗೆ ಕಾಯಬಹುದಿತ್ತೇನೋ. ಇದು ಇಷ್ಟೇ ಇಷ್ಟು. ಇದರ ಮೈಯಲ್ಲಿರೋ ನೀರು ಎಷ್ಟು, ಅದು ಖಾಲಿಯಾಗೋಕೆ ಹೊತ್ತೆಷ್ಟು?"

ತಂಗಿ ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು. ಕನ್ನಡಕದಣ್ಣ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಗಿರಾಕಿಗಳಿರುವ ಹೊತ್ತಿನಲ್ಲಿ ಬಾಗಿಲೆಳೆದ. ಅತ್ತಿಗೆಯೂ ಜೊತೆಗೆ ಹೊರಟರು. ಕಾಂಪೌಂಡರಮ್ಮ ಮೂಗಿನ ಮೇಲೆ ಚೌಕಟ್ಟಿಟ್ಟುಕೊಂಡೇ ಬೀದಿ ದಾಟಿದರು. ಎದುರು ಬಂದವರು ನಕ್ಕರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮರಿಯ ಚರ್ಮದಡಿಗೆ ನೀರಿನಂಥ ಔಷಧಿ ಏರಿಸಿದರು. ಸಿರಿಂಜಿನ ಗೀಟು ನೋಡಿ ಅಳತೆ ತುಂಬಿದ್ದು ಕಾಂಪೌಂಡರಮ್ಮ. ತಂಗಿ ಟವೆಲಿನ ಮೂಲೆಯಲ್ಲಿ ಅಂಟಿದ್ದ ಮಲವನ್ನೇ ಡಾಕ್ಟರಿಗೆ ತೋರಿಸಿದಳು. "ಇದನ್ನ ತಂದದ್ದು ಒಳ್ಳೇದಾಯ್ತು" ಎಂದು ಡಾಕ್ಟರು ಅದನ್ನು ಪರೀಕ್ಷಿಸಿ, ಜಂತುಹುಳುವೂ ಇದೆ ಎಂದು ಔಷಧಿ ಕೊಟ್ಟರು. "ಹಾಲು ನಿಲ್ಲಿಸಿ. ಉಪವಾಸ ಕೆಡವಬೇಡಿ. ಮೊದಲು ತಿಂತಿದ್ದ ಊಟಾನೇ ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕು ಸಲ. ಶುದ್ಧ ನೀರು ಯಾವಾಗಲೂ ಪಕ್ಕದಲ್ಲಿರಲಿ. ನಾಳೆ ತಂದು ತೋರಿಸಿ. ಅಷ್ಟರಲ್ಲಿ ವಾಂತಿ ಆದ್ರೆ, ರಕ್ತ ಕಂಡ್ರೆ ತಕ್ಷಣ ಬನ್ನಿ."

ಹೊರಗಿನ ಬೆಂಚಿನ ಮೇಲೆ ಕನ್ನಡಕದಣ್ಣ ಕೂತಿದ್ದ. ತಂಗಿ ಅವನನ್ನು ಬೈದಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಹಾಗಾದ್ರೆ ಆ ಕಾಳಿನ ಚೀಲ ಬಿಸಾಕೋದಾ?" ಎಂದು ಕಾಂಪೌಂಡರಮ್ಮನನ್ನು ಕೇಳಿದ.

"ಯಾಕೆ? ಅದು ಒಳ್ಳೇ ಊಟಾನೇ. ತಪ್ಪು ಊಟದ್ದಲ್ಲ, ಅವಸರದ್ದು."

"ಒಗ್ಗಬೇಕು ಅಂದ್ರೆ ಹಳೇದು ಬಿಡಬೇಕಲ್ಲ ಕಾಂಪೌಂಡರಮ್ಮ? ಕಣ್ಣು ಹಾಗೇ ಒಗ್ಗೋದು."

"ಕಣ್ಣು ಹೊಟ್ಟೆ ಒಂದೇನಾ ಅಣ್ಣಾ? ಹೊಟ್ಟೆಗೆ ಹೊಸ ಊಟ ಅರಗಿಸೋದು ಕಲಿಯೋಕೆ ಹೊತ್ತು ಬೇಕು. ಹೋಗ್ಲಿ, ಬೆಳಿಗ್ಗೆ ನನಗೆ ಗಾಜು ಹಾಕಿದ್ರಲ್ಲ, ಒಂದೇ ಸಲ ನಾಲ್ಕು ನಂಬರ್ ಏರಿಸಿದ್ರಾ?"

"ಛೆ, ಹಾಗೆಲ್ಲಾದರೂ ಉಂಟಾ? ಕಾಲು ಕಾಲು ಏರಿಸಬೇಕು. ಪ್ರತಿ ಸಲ ಕೇಳಬೇಕು..." ಎನ್ನುತ್ತ ಅವನು ಟವೆಲಿನ ಗಂಟಿನತ್ತ ತಿರುಗಿದ.

"ಹಾಂ. ಮರಿಗೂ ಅಷ್ಟೇ. ಮಲ ಗಟ್ಟಿಯಾಗಿ ಎರಡು ಮೂರು ದಿನ ಆದಮೇಲೆ ಶುರು ಮಾಡಿ. ಮೊದಲು ಕಾಲು ಭಾಗ ಹೊಸದು, ಮುಕ್ಕಾಲು ಹಳೇದು. ಎರಡು ಮೂರು ದಿನ ಹಾಗೇ. ಆಮೇಲೆ ಅರ್ಧ. ಆಮೇಲೆ ಮುಕ್ಕಾಲು. ಕೊನೆಗೆ ಪೂರ್ತಿ. ಕಾಳನ್ನ ಬೆಚ್ಚಗಿನ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ. ಬೆಕ್ಕು ನಾಲ್ಕು ಕಾಲಲ್ಲಿ ತಾನೇ ನಡೆಯೋದು? ಅದರ ಊಟನೂ ನಾಲ್ಕು ಕಾಲಲ್ಲೇ ನಡೀಲಿ. ನೀವು ಒಂದೇ ಕಾಲಲ್ಲಿ ಹಾರಿಸಿದ್ರಿ, ಬಿತ್ತು."

"ಸರಿಹೋಯ್ತಾ ಅಂತ ಗಾಜು ಹಾಕಿಕೊಂಡವರನ್ನ ಕೇಳ್ತೀನಿ. ಇದನ್ನ ಯಾರನ್ನ ಕೇಳಲಿ?"

"ಮರಳಿನ ತಟ್ಟೆ ಇದೆಯಲ್ಲ, ಅದೇ ಉತ್ತರ ಪತ್ರಿಕೆ. ಗಟ್ಟಿ ಇದ್ರೆ ಮುಂದಿನ ಹೆಜ್ಜೆ. ಸಡಿಲ ಆದ್ರೆ ಹಿಂದಿನ ಹೆಜ್ಜೆ."

ಅತ್ತಿಗೆಗೆ ಮಾತ್ರ ಇನ್ನೂ ಅನುಮಾನ. "ಹಾಲು ಕುಡೀದ ಬೆಕ್ಕು ಉಂಟೇನಮ್ಮ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತು ಅಂತ ಗಾದೇನೇ ಇದೆ."

"ಇದೆ ಅಕ್ಕಾ. ಕುಡಿದಮೇಲೆ ಹೊಟ್ಟೆ ಏನಾಯ್ತು ಅಂತ ನೋಡೋಕೆ ಗಾದೆ ಮಾಡಿದವರು ನಿಲ್ಲಲಿಲ್ಲ. ಹಸುವಿನ ಹಾಲಿನ ಸಕ್ಕರೆ ಬಹಳ ಬೆಕ್ಕುಗಳಿಗೆ ಅರಗಲ್ಲ. ರುಚಿಗೆ ಕುಡಿಯುತ್ತೆ, ಆಮೇಲೆ ಒದ್ದಾಡುತ್ತೆ."

ಅತ್ತಿಗೆ ನಕ್ಕುಬಿಟ್ಟರು. "ಥೇಟ್ ನಮ್ಮ ಯಜಮಾನ್ರ ಹಾಗೆ."

ಮನೆಗೆ ಬಂದವನೇ ಕನ್ನಡಕದಣ್ಣ ಅಟ್ಟ ಹತ್ತಿ ಡಬ್ಬಿಗಳನ್ನು ಇಳಿಸಿದ. ಪಾಯಿಂಟು ಆ ಮಧ್ಯಾಹ್ನ ಒಂದು ಚಮಚ ತಿಂದಿತು. ಸಂಜೆಗೆ ಇನ್ನೊಂದು. ಮರುದಿನ ಡಾಕ್ಟರು ನೋಡಿ, ಗೆದ್ದಿತು ಎಂದರು. ನಾಲ್ಕು ದಿನಕ್ಕೆ ಮಲ ಗಟ್ಟಿಯಾಯಿತು, ಕಣ್ಣಿನ ಪರೆ ತಾನಾಗಿಯೇ ಒಳಗೆ ಸರಿಯಿತು.

ಇನ್ನೆರಡು ದಿನ ಕಾದು ಕಾಲು ಭಾಗ ಶುರುವಾಯಿತು. ತಪ್ಪು ಮಾಡಿದ ಮನುಷ್ಯ ಅದನ್ನು ತಿದ್ದಿಕೊಳ್ಳುವುದನ್ನು ನೋಡುವುದೇ ಒಂದು ಸೊಗಸು. ಕನ್ನಡಕದಣ್ಣ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಭೂತಗನ್ನಡಿ ಹಿಡಿದು ಮರಳಿನ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. "ಗಟ್ಟಿ!" ಎಂದು ಅವನು ಕೂಗಿದರೆ ಅಡುಗೆಮನೆಯಿಂದ ಅತ್ತಿಗೆ "ಶಹಬ್ಬಾಸ್!" ಎನ್ನುತ್ತಿದ್ದರು. ಅರ್ಧದ ಹೆಜ್ಜೆಯಲ್ಲಿ ಮತ್ತೆ ಸಡಿಲವಾಯಿತು. ವಿಚಾರಿಸಿದರೆ, ಅತ್ತಿಗೆಯ 'ಅರ್ಧ' ಸ್ವಲ್ಪ ಧಾರಾಳವಾಗಿತ್ತು. ಯಾರೂ ಜಗಳ ಮಾಡಲಿಲ್ಲ. ಕಾಲು ಭಾಗಕ್ಕೆ ಇಳಿದರು, ಮೂರು ದಿನ ತಾಳಿದರು, ಮತ್ತೆ ಏರಿದರು. ಆಮೇಲೆ ಚಮಚ ಅತ್ತಿಗೆಯ ಕೈಯಿಂದ ತಂಗಿಯ ಕೈಗೆ ಹೋಯಿತು. ಕೂದಲೆಳೆ ಲೆಕ್ಕದವಳಿಗೆ ಕಾಲು ಭಾಗ ಎಷ್ಟರ ಕೆಲಸ!

ಪೂರ್ತಿ ಕಾಳು ತಿಂದು ನಾಲ್ಕನೇ ದಿನವೂ ಮಲ ಗಟ್ಟಿಯೇ. ಅವತ್ತು ಮಧ್ಯಾಹ್ನ ಗಾಜಿನ ಕೋಣೆಯಿಂದ ಒಂದು ಸದ್ದು ಬಂತು. ಗಿರಾಕಿಯೊಬ್ಬರು, "ಒಳಗೆ ಯಾರು ನಗ್ತಿರೋದು?" ಎಂದರು. ಕನ್ನಡಕದಣ್ಣ ಕಿವಿಗೊಟ್ಟ. ಪಾಯಿಂಟು ತಂಗಿಯ ಸೆರಗಿನ ಅಂಚನ್ನು ಬೇಟೆಯಾಡುತ್ತಿತ್ತು, ತಂಗಿ ಚಕ್ರ ನಿಲ್ಲಿಸಿ ಅದರೊಂದಿಗೆ ಮಾತಾಡುತ್ತಿದ್ದಳು. ಒಂದೇ ಸಮನೆ, ಬಾಯಿ ತುಂಬ.

"ನನ್ನ ತಂಗಿ" ಎಂದ ಅವನು, ಗಾಜು ಒರೆಸುತ್ತ. ಆ ಗಾಜು ಆಗಲೇ ಸ್ವಚ್ಛವಾಗಿತ್ತು.

ಓದುವವರೇ, ನಿಮ್ಮ ಮನೆಗೂ ಮರಿಯೊಂದು ಬರುತ್ತಿದೆಯೆ? ಕೊಡುವವರನ್ನು ಮೊದಲು ಕೇಳಿ: ಇದು ಇಲ್ಲಿಯವರೆಗೆ ಏನು ತಿನ್ನುತ್ತಿತ್ತು? ಅದನ್ನೇ ಒಂದಿಷ್ಟು ಕೇಳಿ ತನ್ನಿ, ನಾಚಿಕೆ ಬೇಡ. ಹೊಸದನ್ನು ಕಾಲು ಕಾಲಾಗಿ ಬೆರೆಸಿ, ಹತ್ತು ದಿನ ಹಿಡಿದರೆ ಹಿಡಿಯಲಿ. ಹಸುವಿನ ಹಾಲಿನ ಬದಲು ನೀರಿಡಿ. ಮರಿಗೆ ಜೋರು ಭೇದಿಯಾದರೆ, ಮಂಕಾದರೆ, ತಿನ್ನದಿದ್ದರೆ, ನಿಮ್ಮ ಮಾತ್ರೆಯ ಡಬ್ಬಿ ಮುಚ್ಚಿಟ್ಟು ಅದೇ ದಿನ ಪಶುವೈದ್ಯರ ಬಾಗಿಲು ತಟ್ಟಿ. ಜಂತುಹುಳುವಿನ ಔಷಧಿಯನ್ನೂ ಆಗಲೇ ಕೇಳಿ.

ಯಾಕೆಂದರೆ ಆ ಮರಿಗೆ ಮನೆ ಹೊಸದು, ಸದ್ದು ಹೊಸದು, ವಾಸನೆ ಹೊಸದು, ಪಕ್ಕದಲ್ಲಿ ಅಮ್ಮ ಇಲ್ಲ, ನೀವೂ ಹೊಸಬರು. ಊಟವೊಂದಾದರೂ ಸ್ವಲ್ಪ ದಿನ ಹಳೆಯದಿರಲಿ.