ಬೊಳ್ಳಮ್ಮನ ಸಾವಿಗೆ ಬಂದವರು

ದೇರಪ್ಪ ಮಾತು ಕೊಟ್ಟರೆ ತಪ್ಪುವವನಲ್ಲ. ಆದರೆ ಸುಲಭಕ್ಕೆ ಕೊಡುವವನೂ ಅಲ್ಲ. ತಮ್ಮ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವನ ಹೆಗಲಿಗೆ ಬಿದ್ದಿತ್ತು. ತಮ್ಮನ ಮಗ ಕುಶಾಲಪ್ಪ ಕೆಲಸಕ್ಕೆ ಸೇರುವುದು ಬಿಟ್ಟು, ಮಡಿಕೇರಿಯ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ‘ಬೀಟ್ ಗ್ರೂಪ್’ ಅಂತ ಗಿಟಾರು ಬಾರಿಸುತ್ತ ಕೂತದ್ದು ಅವನಿಗೆ ಒಂಚೂರೂ ಹಿಡಿಸಲಿಲ್ಲ. ತಿತಿಮತಿಯ ಎಸ್ಟೇಟೊಂದರಲ್ಲಿ ಅವನಿಗೆ ಲೆಕ್ಕ ಬರೆಯುವ ರೈಟರ್ ಕೆಲಸ ಗೊತ್ತುಮಾಡಿಕೊಂಡು ಬಂದ. ಹುಡುಗನ ತಾಯಿ ಯಮುನ ಅಡ್ಡ ನಿಂತಳು. ಮೂರು ದಿನ ಮನೆಯಲ್ಲಿ ಮುಖ ದಪ್ಪಗಾದ ಮೇಲೆ ದೇರಪ್ಪ ಒಂದು ಷರತ್ತು ಹಾಕಿದ.

“ಐವತ್ತು ಜನ. ಐವತ್ತು ಜನ ಅವನ ಹಾಡ್ ಪೂರಾ ಕೇಳಿರೆ ನಾ ಒಂದ್ ವರ್ಷ ಬಾಯಿ ಬಿಡುದಿಲ್ಲೆ. ಒಂದ್ ತಲೆ ಕಮ್ಮಿ ಆದರೂ ಸೋಮವಾರ ತಿತಿಮತಿ ಬಸ್ಸ್.”

“ಆಕು ಭಾವ,” ಎಂದು ಒಪ್ಪಿಬಿಟ್ಟಳು ಯಮುನ. ಆ ಹಾಡುಗಳು ಅವಳಿಗೇ ಅರ್ಥವಾಗುತ್ತಿರಲಿಲ್ಲ. ಆದರೆ ಗಿಟಾರು ಹಿಡಿದಾಗ ಮಗನ ಮುಖದಲ್ಲಿ ಬರುವ ಕಳೆ, ಗಂಡ ಸತ್ತ ಮೇಲೆ ಆ ಮನೆಯಲ್ಲಿ ಇನ್ಯಾರ ಮುಖದಲ್ಲೂ ಅವಳು ನೋಡಿರಲಿಲ್ಲ. ಅದನ್ನು ಬಸ್ಸು ಹತ್ತಿಸಿ ಕಳಿಸಲು ಅವಳಿಗೆ ಮನಸ್ಸಿರಲಿಲ್ಲ.

೧೯೬೭ರ ಮಾರ್ಚಿನ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ ಕಾರ್ಯಕ್ರಮ. ಜಾಗ ಅವರದೇ ಕಾಫಿ ಗೋಡೌನು. ಆ ವರ್ಷದ ಕಾಫಿಯೆಲ್ಲ ಸಾಗಿಹೋಗಿ ಒಳಗೆ ಖಾಲಿ ಗೋಣಿಗಳ ವಾಸನೆ ಮಾತ್ರ ಉಳಿದಿತ್ತು. ಊರಿಗಿನ್ನೂ ಕರೆಂಟು ಬಂದಿರಲಿಲ್ಲ. ಗ್ರೂಪಿನ ಮಂಜುನಾಥ ರೇಡಿಯೋ ರಿಪೇರಿಯವನು. ತೋಟಕ್ಕೆ ನೀರು ಹಾಯಿಸುವ ಸೀಮೆಎಣ್ಣೆ ಇಂಜಿನ್ನಿಗೆ ಡೈನಮೋ ಕಟ್ಟಿ, ಗೋಡೌನಿನ ಹಿಂದೆ ಇಟ್ಟು, ಗಿಟಾರಿಗೆ ಕರೆಂಟು ಹರಿಸಿದ. ಡ್ರಮ್ಮಿಗೆ ಸಾಂತಪ್ಪ ಕೂತ. ಕುಶಾಲಪ್ಪ ಅಂಗಿಯ ಕಾಲರು ಎಬ್ಬಿಸಿಕೊಂಡು ನಿಂತ.

ಕೇಳಲು ಬಂದವರು ಹನ್ನೆರಡು ಜನ. ಅದರಲ್ಲಿ ನಾಲ್ಕು ಮಂದಿ ಮನೆಯವರೇ. ಮುಂದಿನ ಸಾಲಿನಲ್ಲಿ ಆರಾಮ ಕುರ್ಚಿಯ ಮೇಲೆ ಯಮುನಳ ಅತ್ತೆ ಬೊಳ್ಳಮ್ಮ. ವಯಸ್ಸು ಎಂಬತ್ತನಾಲ್ಕು. ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದವಳು ಇವತ್ತು ಹಟ ಹಿಡಿದು ತನ್ನನ್ನು ಹೊತ್ತು ತರಿಸಿಕೊಂಡಿದ್ದಳು. ದೇರಪ್ಪ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಎಣಿಸುವ ತೊಂದರೆಯೂ ಅವನಿಗಿರಲಿಲ್ಲ.

ಮೊದಲ ಹಾಡು ರೇಡಿಯೋದಲ್ಲಿ ಕೇಳಿ ಕಲಿತ ಇಂಗ್ಲಿಷಿನದು. ಹನ್ನೆರಡು ಜನ ಪರೀಕ್ಷೆ ಬರೆಯುವವರ ಹಾಗೆ ಕೂತಿದ್ದರು. ನಡುವೆಯೇ ಗಿಟಾರು ಗೊರಗೊರ ಎಂದು ನಿಂತುಹೋಯಿತು. ಇಂಜಿನ್ನು ಕೈಕೊಟ್ಟಿತ್ತು. ಯಮುನಳಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಮಂಜುನಾಥ ಹಿಂದಕ್ಕೆ ಓಡಿ ಹಗ್ಗ ಸುತ್ತಿ ಎಳೆದ. ಇಂಜಿನ್ನು ಢಮಾರ್ ಎಂದಿತು. ಇನ್ನೊಮ್ಮೆ ಎಳೆದ. ಮತ್ತೆ ಢಮಾರ್. ಆ ಸದ್ದು ಎದುರಿನ ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ಅದಾದ ಮೇಲೆ ಇಂಜಿನ್ನು ಸೊಲ್ಲೆತ್ತಲಿಲ್ಲ. ಮಂಜುನಾಥ ಅದನ್ನು ಬಿಚ್ಚಿಕೊಂಡು ಕೂತ.

ಕೊಡಗಿನಲ್ಲಿ ಸಾವಿನ ಸುದ್ದಿ ಹೇಳಲು ಯಾರೂ ಮನೆಮನೆಗೆ ಓಡುವುದಿಲ್ಲ. ಸತ್ತ ಮನೆಯವರು ಒಂದರ ಹಿಂದೆ ಒಂದು, ಎರಡು ಗುಂಡು ಹಾರಿಸುತ್ತಾರೆ. ಕೇಳಿದವರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಹೊರಡುತ್ತಾರೆ. ಇಂಜಿನ್ನಿನ ಗಡಿಬಿಡಿಯಲ್ಲಿ ಗೋಡೌನಿನೊಳಗೆ ಯಾರಿಗೂ ಇದು ಹೊಳೆಯಲಿಲ್ಲ. ಹೊರಗೆ ಇಡೀ ಊರಿಗೆ ಹೊಳೆದಿತ್ತು. ದೇರಪ್ಪನ ಮನೆ ಕಡೆಯಿಂದ ಸದ್ದು ಬಂದಿದೆ. ಬೊಳ್ಳಜ್ಜಿ ಹಾಸಿಗೆ ಹಿಡಿದು ಎರಡು ತಿಂಗಳಾಗಿದೆ. ಯಾರನ್ನೂ ಕೇಳುವ ಅಗತ್ಯವೇ ಬೀಳಲಿಲ್ಲ.

ಅರ್ಧ ಗಂಟೆಯಲ್ಲಿ ತೋಟದ ದಾರಿಗಳಲ್ಲೆಲ್ಲ ಜನ. ಚಟ್ಟಕ್ಕೆ ಬಿದಿರು ಕಡಿಯಲು ಗಂಡಸರು ಕತ್ತಿ ಸಿಕ್ಕಿಸಿಕೊಂಡು ಬಂದರು, ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತ ಬಂದರು. ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಎಲ್ಲರೂ ಗೋಡೌನಿಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ, ಅಜ್ಜಿಯ ಗುಣಗಾನ ಮಾಡಿ ಅಳುತ್ತ, ಪಕ್ಕದ ಮನೆಯ ಪ್ರೇಮಾವತಿ. ಮುಂದಿನ ಸಾಲಿನಲ್ಲಿ ಎಲೆಅಡಿಕೆ ಜಗಿಯುತ್ತ ಕೂತವಳನ್ನು ಕಂಡು ಅವಳ ಅಳು ಅರ್ಧಕ್ಕೇ ನಿಂತಿತು.

“ಯಾರ್ ಸತ್ತದ್?” ಕೇಳಿದಳು ಬೊಳ್ಳಮ್ಮ.

“ನೀವೇ ಅಜ್ಜಿ.”

“ನಂಗೆ ಯಾರೂ ಹೇಳಿಲ್ಲೆ,” ಅಂದಳು ಮುದುಕಿ.

ನಗು ಗೋಡೌನಿನ ತಗಡು ಹಾರಿಸುವಷ್ಟು ಎದ್ದಿತು. ಅದೇ ಹೊತ್ತಿಗೆ ಹಿಂದೆ ಇಂಜಿನ್ನೂ ಗುಡುಗುಡು ಎಂದು ಜೀವ ಹಿಡಿಯಿತು. ದೇರಪ್ಪ ಮಾತ್ರ ನಗಲಿಲ್ಲ. ಯಮುನಳ ಹತ್ತಿರ ಬಂದು, “ಇವು ಸಾವಿಗೆ ಬಂದವು, ಹಾಡಿಗೆ ಅಲ್ಲ. ಲೆಕ್ಕಕ್ಕೆ ಬರುದಿಲ್ಲೆ,” ಎಂದ.

ಅವನು ಹೇಳಿದ್ದು ನ್ಯಾಯವೇ. ಯಮುನಳಿಗೂ ಗೊತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಭಾವನೆದುರು ನಾಲ್ಕು ಜನ ಕೇಳುವಂತೆ ಅವಳು ಮಾತಾಡಿದ್ದಿಲ್ಲ. ಈಗ ಮಾತಾಡಿದಳು.

“ಬಾಗಿಲು ತೆಗ್ದೇ ಇರ್ಲಿ ಭಾವ. ಹೋಗುವವು ಹೋಗ್ಲಿ. ಹಾಡ್ ಕೇಳಿ ಉಳ್ದವರ್ನ ಎಣ್ಸಿ.”

ದೇರಪ್ಪ ತಲೆಯಾಡಿಸಿ ಬಾಗಿಲಿಂದ ಸರಿದು ನಿಂತ. ಕೂಡಲೇ ಮೂವರು ಕತ್ತಿ ಸರಿಮಾಡಿಕೊಂಡು ಹೊರಟೇಬಿಟ್ಟರು. ಅವರ ಬೆನ್ನಿಗೆ ಇನ್ನಿಬ್ಬರು. ಯಮುನ ಮಗನ ಕಡೆ ನೋಡಿದಳು.

ಕುಶಾಲಪ್ಪ ಸಾಂತಪ್ಪನ ಕಿವಿಯಲ್ಲಿ ಏನೋ ಹೇಳಿದ. ಇಂಗ್ಲಿಷು ಬದಿಗಿಟ್ಟರು. ಮಡಿಕೇರಿಯ ಏರಿನಲ್ಲಿ ಕೆಟ್ಟು ನಿಲ್ಲುವ ಬಸ್ಸಿನ ಮೇಲೆ ತಾನೇ ಕಟ್ಟಿದ್ದ ಹಾಡು ಎತ್ತಿಕೊಂಡ. ಮೊದಲು ಗಿಟಾರು ಏರು ಹತ್ತಲಾರದ ಬಸ್ಸಿನಂತೆಯೇ ನರಳಿತು. ಜನ ಕಿವಿ ನೆಟ್ಟಗೆ ಮಾಡಿದರು. ಆಮೇಲೆ ಡ್ರಮ್ಮು ಸೇರಿತು, ಮನೆಮಾತಿನಲ್ಲೇ ಹಾಡು ಬಂತು:

“ಬಸ್ಸ್ ನಿಂತುಟ್ಟು, ಬಸ್ಸ್ ನಿಂತುಟ್ಟು — ಇಳ್ದ್ ನೂಕಿ, ಇಳ್ದ್ ನೂಕಿ!”

ಆ ಬಸ್ಸನ್ನು ನೂಕದ ಒಂದು ಜೊತೆ ಕೈಯೂ ಆ ಗೋಡೌನಿನಲ್ಲಿರಲಿಲ್ಲ. ಎರಡನೆಯ ಸಲಕ್ಕೆ ನಾಲ್ಕಾರು ಜನ ದನಿ ಕೂಡಿಸಿದರು. ಮೂರನೆಯದಕ್ಕೆ ಇಡೀ ಗೋಡೌನು ‘ಇಳ್ದ್ ನೂಕಿ’ ಎಂದಿತು. ಹೊರಟಿದ್ದ ಐವರೂ ಬಾಗಿಲಲ್ಲಿ ಮತ್ತೆ ಕಂಡರು. ಕತ್ತಿಯ ಗಂಡಸರು ಹೆಜ್ಜೆ ಹಾಕಲು ಶುರುಮಾಡಿದರು. ಅತ್ತು ಕೆಂಪಾದ ಕಣ್ಣಿನಲ್ಲೇ ಪ್ರೇಮಾವತಿ ಕುಣಿಯುವುದನ್ನು ನೋಡಿ ಬೊಳ್ಳಮ್ಮ ಕುರ್ಚಿಯ ಕೈ ಬಡಿಬಡಿದು ನಕ್ಕಳು. ಹಾಡು ಮುಗಿಯಿತು. ಜನ ಬಿಡಲಿಲ್ಲ. ಮತ್ತೆ ಮೊದಲಿನಿಂದ ಹಾಡಿಸಿದರು.

ದೇರಪ್ಪ ಪ್ರಾಮಾಣಿಕ ಮನುಷ್ಯ. ಬೆರಳು ಚಾಚಿ ಎಣಿಸುತ್ತಿದ್ದ. ಮೂವತ್ತು ದಾಟುವಷ್ಟರಲ್ಲಿ ಆ ಕಡೆಯವರು ಈ ಕಡೆ ಬಂದಿರುತ್ತಿದ್ದರು. ಮತ್ತೆ ಒಂದರಿಂದ ಶುರು. ಮೂರನೆಯ ಸಲ ಅರವತ್ತೊಂದರವರೆಗೆ ಹೋಗಿ, ತಾನು ಎಣಿಸುವುದನ್ನೇ ಮರೆತು ತುಟಿ ಬೇರೇನನ್ನೋ ಹೇಳುತ್ತಿದೆ ಎಂದು ಅವನಿಗೇ ಗೊತ್ತಾಗಿ ಕೈ ಕೆಳಗಿಳಿಸಿದ. ಯಮುನಳ ಪಕ್ಕಕ್ಕೆ ಬಂದು, ಆ ಗದ್ದಲದಲ್ಲಿ ಕೇಳಲೆಂದು ಸ್ವಲ್ಪ ಬಗ್ಗಿದ.

“ನಾಳೆ ತಿತಿಮತಿಗೆ ಹೇಳಿ ಕಳ್ಸು. ಬೇರೆ ರೈಟರ್‌ನ ನೋಡ್ಕಳಿಕೆ.”

ಯಮುನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜನರ ನಡುವೆ ನುಗ್ಗಿದಳು. ಮಗ ಅವಳನ್ನು ಕಂಡ. ಅವಳು ಎರಡೂ ಕೈ ಎತ್ತಿ, ಎದೆ ಬಿರಿಯುವ ಹಾಗೆ, ಎಲ್ಲರಿಗಿಂತ ಗಟ್ಟಿಯಾಗಿ ಅವನ ಹಾಡು ಹಾಡಿದಳು.